ಪೊಟ್ಟಣ ಮನೆ ಸೇರಿತು, ಬಟ್ಟಲು ಸೇರಲಿಲ್ಲ: ಕೋವಿಡ್ ಕಾಲದ ಒಂದು ಅಂಗನವಾಡಿ ಪ್ರಕರಣ

ಒಂದೂವರೆ ಕೆ.ಜಿ. ಅಕ್ಕಿ ಆರು ಜನರ ಮನೆಯಲ್ಲಿ ಒಂದು ದಿನಕ್ಕೆ ಬರುತ್ತದೆ. ರಾತ್ರಿ ಮುದ್ದೆ ಮಾಡಿಕೊಂಡರೆ ಎರಡು ದಿನ. ಅದೇ ಅಕ್ಕಿ ಅಂಗನವಾಡಿಯ ಲೆಕ್ಕದಲ್ಲಿ ನಾಲ್ಕು ವರ್ಷದ ಒಂದು ಮಗುವಿನ ಇಪ್ಪತ್ತೈದು ದಿನದ ಪಾಲು. 2020ರ ಮಾರ್ಚ್ ಮಧ್ಯದಲ್ಲಿ ರಾಜ್ಯದ ಅಂಗನವಾಡಿಗಳು ಮುಚ್ಚಿ, ಬಿಸಿಯೂಟದ ಬದಲು ಮನೆಗೇ ಪಡಿ ಹೋಗತೊಡಗಿದಾಗ ಎದ್ದ ತೊಡಕೆಲ್ಲ ಈ ಎರಡು ಲೆಕ್ಕಗಳ ನಡುವೆಯೇ ಇತ್ತು. ರಿಜಿಸ್ಟರ್‌ನಲ್ಲಿ ವಿತರಣೆ ಪೂರ್ತಿ ಆಗಿರುತ್ತಿತ್ತು. ಮಗುವಿನ ತೋಳು ಮಾತ್ರ ಸಣ್ಣಗಾಗುತ್ತಿತ್ತು.

ಇಲ್ಲಿ ವಿವರಿಸುವ ಕೇಂದ್ರ ಇಂಥದೇ ಊರಿನದು ಎಂದು ಬೆರಳಿಟ್ಟು ತೋರಿಸುವಂಥದ್ದಲ್ಲ. ಮಂಡ್ಯ ತಾಲ್ಲೂಕಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರುಗಳಲ್ಲಿ ಇರುವಂಥ ಪರಿಸ್ಥಿತಿಯನ್ನು ಒಂದೇ ಕೇಂದ್ರ, ಒಂದೇ ಮನೆಗೆ ಇಳಿಸಿ ಕಟ್ಟಿದ ಮಾದರಿ ಪ್ರಕರಣ. ಮಕ್ಕಳ ಸಂಖ್ಯೆ, ತೋಳಿನ ಅಳತೆ, ವಾರಗಳ ಎಣಿಕೆ ಇವೆಲ್ಲ ಕೆಲಸದ ಕ್ರಮ ತೋರಿಸಲು ಇಟ್ಟುಕೊಂಡವು. ಆಹಾರದ ಪ್ರಮಾಣ, ಅಳತೆಯ ಮಿತಿ, ದಿನಾಂಕಗಳು ವಾಸ್ತವದವು.

ಕೇಂದ್ರ ಮತ್ತು ಮನೆ

ಮೂರರಿಂದ ಆರು ವರ್ಷದ ಮಕ್ಕಳು 24. ಆರು ತಿಂಗಳಿಂದ ಮೂರು ವರ್ಷದವರು 31. ಗರ್ಭಿಣಿಯರು 6, ಬಾಣಂತಿಯರು 7. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಊರಿನವರ ಬಾಯಲ್ಲಿ ಕಾರ್ಯಕರ್ತೆ ಎಂದರೆ ‘ಟೀಚರ್’. ದೊಡ್ಡ ಮಕ್ಕಳಿಗೆ ಬಿಸಿಯೂಟ, ಹಾಲು, ಮೊಟ್ಟೆ ಕೇಂದ್ರದಲ್ಲೇ. ಚಿಕ್ಕವರಿಗೆ ಮನೆಗೆ ಪುಷ್ಟಿ ಎಂಬ ಪೌಷ್ಟಿಕ ಪುಡಿ. ಗರ್ಭಿಣಿ-ಬಾಣಂತಿಯರಿಗೆ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ. ಬಾಗಿಲು ಮುಚ್ಚಿದ ದಿನ ಇದರಲ್ಲಿ ಪುಷ್ಟಿಯೊಂದನ್ನು ಬಿಟ್ಟು ಉಳಿದೆಲ್ಲದರ ಸ್ವರೂಪವೇ ಬದಲಾಯಿತು.

ಮನೆ ಊರಾಚೆಯ ಕಬ್ಬಿನ ಗದ್ದೆಯಂಚಿನದು. ತಾತ, ಅಜ್ಜಿ, ಗೂಡ್ಸ್ ಆಟೊ ಓಡಿಸುವ ಅಪ್ಪ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ, ನಾಲ್ಕು ವರ್ಷದ ಹುಡುಗಿ, ಹದಿನಾಲ್ಕು ತಿಂಗಳ ಗಂಡುಮಗು. ಮಾರ್ಚ್ 25ರ ಲಾಕ್‌ಡೌನ್ ಬಂದ ಮೇಲೆ ಆಟೊ ನಿಂತಿತು, ಫ್ಯಾಕ್ಟರಿ ಬಸ್ಸೂ ನಿಂತಿತು. ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಬಂದವರಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆ ಸೋಂಕಿನ ಸಂಖ್ಯೆ ಏರಿದಾಗ ಇಡೀ ಜಿಲ್ಲೆಯಲ್ಲೇ ಯಾರೂ ಯಾರನ್ನೂ ಬಾಗಿಲೊಳಗೆ ಬಿಟ್ಟುಕೊಳ್ಳದ ಸ್ಥಿತಿ. ಮನೆಮನೆಗೆ ಸರ್ವೆಗೆ ಹೋಗುತ್ತಿದ್ದ ಟೀಚರ್‌ ಬಂದರೂ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಪೊಟ್ಟಣದ ಲೆಕ್ಕ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆಗ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಪೂರಕ ಆಹಾರದಿಂದ ಸಿಗಬೇಕಿತ್ತು. ಗರ್ಭಿಣಿ-ಬಾಣಂತಿಯರಿಗೆ 600 ಕ್ಯಾಲೊರಿ, 18ರಿಂದ 20 ಗ್ರಾಂ. ತೀವ್ರ ಅಪೌಷ್ಟಿಕತೆಯ ಮಗುವಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ. ಪಡಿಯಲ್ಲಿ ಬರುತ್ತಿದ್ದ ಸಾಮಾನು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿತ್ತು. ಆದರೂ ಈ ಮಿತಿಯ ಹತ್ತಿರ ಬರುವ ಒಂದು ಲೆಕ್ಕ ಹೀಗಿರುತ್ತದೆ: ದಿನಕ್ಕೆ ಅಕ್ಕಿ 60 ಗ್ರಾಂ, ಹೆಸರುಕಾಳು 20, ಕಡಲೆಬೀಜ 15, ಬೆಲ್ಲ 15, ಕೆನೆರಹಿತ ಹಾಲಿನ ಪುಡಿ 15, ಜೊತೆಗೆ ವಾರಕ್ಕೆರಡು ಮೊಟ್ಟೆ. ಇಪ್ಪತ್ತೈದು ದಿನಕ್ಕೆ ಕೂಡಿದರೆ ಅಕ್ಕಿ ಒಂದೂವರೆ ಕೆ.ಜಿ., ಹೆಸರುಕಾಳು ಅರ್ಧ ಕೆ.ಜಿ., ಉಳಿದ ಮೂರೂ ತಲಾ 375 ಗ್ರಾಂ, ಮೊಟ್ಟೆ ಎಂಟು.

ಕಾಗದದ ಮೇಲೆ ಇದು ಸರಿಯಾದ ಪೊಟ್ಟಣವೇ. ಎಡವಟ್ಟಾದದ್ದು ಅದು ಅಡುಗೆಮನೆ ಸೇರಿದ ಮೇಲೆ. ಪಡಿ ಕೊಟ್ಟು ಒಂದು ವಾರಕ್ಕೆ ಹೋಗಿ ಕೇಳಿದರೆ ಇಂಥ ಮನೆಯಲ್ಲಿ ಬರುವ ಉತ್ತರ: “ಪಾಕೀಟು ಬಂದ ದಿವ್ಸ ಎಲ್ರೂ ಉಂಡ್ವಿ ಟೀಚರ್. ಮಗೀಗೆ ಒಬ್ಬಳಿಗೇ ಅಂತ ಮಡಗಕ್ಕಾಯ್ತದಾ, ಅತ್ತೆ ಮಾವನ ಮುಂದೆ?”

ಇದನ್ನು ಅಮ್ಮನ ನಿರ್ಲಕ್ಷ್ಯ ಎಂದು ಬರೆದುಕೊಂಡು ಬರುವ ಮೇಲ್ವಿಚಾರಕಿಯರಿದ್ದಾರೆ. ಅದು ತಪ್ಪು. ಸಂಪಾದನೆ ನಿಂತ ಮನೆಯಲ್ಲಿ ಅಕ್ಕಿ ಬಂದರೆ ಅದು ಎಲ್ಲರ ಪಾತ್ರೆಗೇ ಹೋಗುತ್ತದೆ, ಹೋಗಬೇಕಾದದ್ದೂ ಹೌದು. ಕೇಂದ್ರದಲ್ಲಿ ಮಗು ತಟ್ಟೆ ಮುಂದೆ ಕೂತು ತಿನ್ನುವಾಗ ಪಾಲುದಾರರಿರಲಿಲ್ಲ. ಪಡಿ ಮನೆಗೆ ಹೋದಾಗ ಐದು ಪಾಲುದಾರರು ಸೇರಿದರು. ತಿಂಗಳ ಸಾಮಾನು ಒಟ್ಟಿಗೆ ಕೊಟ್ಟದ್ದರಿಂದ ಇದು ಇನ್ನೂ ಸಲೀಸಾಯಿತು.

ಇಲ್ಲಿ ಫಲಿಸುವ ದಾರಿ ಎಂದರೆ ಅಕ್ಕಿಯ ಆಸೆ ಬಿಟ್ಟು ಉಳಿದದ್ದನ್ನು ಉಳಿಸಿಕೊಳ್ಳುವುದು. ಅಕ್ಕಿ ಹೋಗಲಿ. ಹೆಸರುಕಾಳು, ಕಡಲೆಬೀಜ, ಬೆಲ್ಲ, ಹಾಲಿನ ಪುಡಿ ಇವನ್ನು ಸಾರಿಗೆ, ಚಟ್ನಿಗೆ, ಟೀಗೆ ಹೋಗದ ರೂಪಕ್ಕೆ ತಂದುಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ. ಹಳೇ ಮೈಸೂರು ಸೀಮೆಯಲ್ಲಿ ಆ ರೂಪಕ್ಕೆ ಹೆಸರು ಹುಡುಕಬೇಕಾಗಿಲ್ಲ: ಹುರಿಹಿಟ್ಟು. ಅಜ್ಜಿಯರಿಗೆ ಅದರ ಮೇಲೆ ಹಕ್ಕೂ ಇದೆ, ಅಭಿಮಾನವೂ ಇದೆ. “ಹುರಿಟ್ಟು ಮಕ್ಳುದು ಕಣವ್ವ” ಎಂದು ಅಜ್ಜಿ ಒಮ್ಮೆ ಹೇಳಿದರೆ ಆ ಡಬ್ಬಕ್ಕೆ ಬೇರೆ ಕಾವಲು ಬೇಡ. ಅಮ್ಮನಿಗೆ ಹತ್ತು ಸಲ ತಿಳಿವಳಿಕೆ ಹೇಳುವುದಕ್ಕಿಂತ ಅಜ್ಜಿಯನ್ನು ಒಂದು ಸಲ ಒಲೆ ಮುಂದೆ ಕೂರಿಸುವುದು ಮೇಲು.

ಮಾಡುವ ಕ್ರಮ: ಮನೆಯ ರಾಗಿ ಒಂದು ಕೆ.ಜಿ. ತೊಳೆದು ಕಲ್ಲು ತೆಗೆದು, ನೀರು ಚಿಮುಕಿಸಿ ಒದ್ದೆ ಮಾಡಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಇಡಬೇಕು. ಬೆಳಿಗ್ಗೆ ನೆರಳಲ್ಲಿ ಹರಡಿ, ಕೈಗೆ ಅಂಟದಷ್ಟು ಆರಿದ ಮೇಲೆ ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಅರಳಿಸಬೇಕು. ಅವಸರಕ್ಕೆ ಎರಡು ಮೂರು ಹಿಡಿ ಒಟ್ಟಿಗೆ ಹಾಕಿದರೆ ಬಾಣಲೆಯ ಕಾವು ಇಳಿದು ರಾಗಿ ಅರಳದೆ ಕರಿಯಾಗುತ್ತದೆ, ಹಿಟ್ಟು ಕಹಿ. ತುಂಬಾ ಒದ್ದೆಯಿದ್ದರೂ ಅರಳುವುದಿಲ್ಲ. ಹೆಸರುಕಾಳು ಅರ್ಧ ಕೆ.ಜಿ. ಬೇರೆಯಾಗಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ. ಇವೆರಡನ್ನು ಒಟ್ಟಿಗೆ ಬೀಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ. ಕಡಲೆಬೀಜವನ್ನು ಮಾತ್ರ ಇದರೊಳಗೆ ಬೀಸಬಾರದು. ಎಣ್ಣೆಯಂಶದಿಂದ ಬೇಸಿಗೆಯಲ್ಲಿ ಇಡೀ ಹಿಟ್ಟು ಕಮಟು ಹಿಡಿಯುತ್ತದೆ. ಅದನ್ನು ಹುರಿದು ಸಿಪ್ಪೆ ತೆಗೆದು ಬೇರೆ ಇಟ್ಟು, ನಾಲ್ಕೈದು ದಿನಕ್ಕಾಗುವಷ್ಟು ಮಾತ್ರ ಪುಡಿ ಮಾಡಿಕೊಳ್ಳಬೇಕು. ಚಿಕ್ಕ ಮಕ್ಕಳ ಕೈಗೆ ಇಡೀ ಬೀಜ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ದಿನಕ್ಕೆ ಹುರಿಹಿಟ್ಟು 60 ಗ್ರಾಂ, ಕಡಲೆಬೀಜದ ಪುಡಿ 15, ಬೆಲ್ಲ 15, ಹಾಲಿನ ಪುಡಿ 15. ಒಂದು ಬಟ್ಟಲಿಗೆ ಹೆಚ್ಚುಕಡಿಮೆ 390 ಕ್ಯಾಲೊರಿ, 16 ಗ್ರಾಂ ಪ್ರೋಟೀನ್. ಉಳಿದ ನೂರು ಚಿಲ್ಲರೆ ಕ್ಯಾಲೊರಿ ಮನೆಯ ಅನ್ನ-ಸಾರು, ಮೊಟ್ಟೆಯಿಂದ ಬಂದುಬಿಡುತ್ತದೆ. ನಾಲ್ಕು ವರ್ಷದ ಹುಡುಗಿಗೆ ಇದನ್ನು ಒಂದೇ ಸಲಕ್ಕೆ ತಿನ್ನಲಾಗದು, ಬೆಳಿಗ್ಗೆ ಸಂಜೆ ಎರಡು ಪಾಲು. ಹಾಲಿನ ಪುಡಿ ಊಟದ ಚಮಚದಲ್ಲಿ ಮಟ್ಟಸವಾಗಿ ಎರಡು ಎಂದರೆ ಸುಮಾರು 15 ಗ್ರಾಂ. ಹಾಲು ಮಾಡುವುದಾದರೆ ಮೊದಲು ಎರಡು ಚಮಚ ಬೆಚ್ಚಗಿನ ನೀರಲ್ಲಿ ಕಲಸಿ ಆಮೇಲೆ 150 ಮಿ.ಲೀ.ವರೆಗೆ ಕುದಿಸಿ ಆರಿಸಿದ ನೀರು ಸೇರಿಸಬೇಕು. ನೇರವಾಗಿ ನೀರಿಗೆ ಸುರಿದರೆ ಗಂಟು. ಇನ್ನೊಂದು ಎಚ್ಚರಿಕೆಯನ್ನು ಪ್ರತಿ ಬಾಣಂತಿಯ ಮನೆಯಲ್ಲೂ ಹೇಳಲೇಬೇಕು: ಈ ಪುಡಿ ಎದೆಹಾಲಿಗೆ ಬದಲಿ ಅಲ್ಲ. ಆರು ತಿಂಗಳೊಳಗಿನ ಮಗುವಿಗೆ ಬಾಟಲಿಯಲ್ಲಿ ಕಲಸಿ ಹಾಕಿದರೆ ಭೇದಿಯನ್ನು ಕರೆದು ಕೂರಿಸಿದಂತೆ. ತಾಯಿಗೆ ಸೋಂಕು ತಗುಲಿದ್ದರೂ ಮಾಸ್ಕ್ ಹಾಕಿ, ಕೈ ತೊಳೆದು ಎದೆಹಾಲನ್ನೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೂ ಹೇಳಿತ್ತು.

ಮೊಟ್ಟೆಯದು ಬೇರೆಯೇ ರಗಳೆ. 24 ಮಕ್ಕಳಿಗೆ ತಿಂಗಳಿಗೆ 192 ಮೊಟ್ಟೆ. ಒಟ್ಟಿಗೆ ಕೊಟ್ಟರೆ ಏಪ್ರಿಲ್ ಬಿಸಿಲಲ್ಲಿ, ಫ್ರಿಜ್ ಇಲ್ಲದ ಮನೆಯಲ್ಲಿ, ಕೊನೆಯ ವಾರದವು ಉಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಾಲ್ಕು ನಾಲ್ಕು ಕೊಟ್ಟರೆ ಒಂದು ಸರದಿಗೆ 96 ಬೇಕು, ಅಂದರೆ ಮೂವತ್ತರ ಮೂರು ಟ್ರೇ ಮತ್ತು ಆರು. ಆ ಆರಕ್ಕಾಗಿ ನಾಲ್ಕನೇ ಟ್ರೇ ತರಬೇಕು. ಪಕ್ಕದ ಕೇಂದ್ರದ ಜೊತೆ ಸೇರಿ ಕೊಂಡರೆ ನಷ್ಟವಿಲ್ಲ. ವೈರಸ್ಸಿನ ಭಯಕ್ಕೆ ತರಕಾರಿಯ ಜೊತೆ ಮೊಟ್ಟೆಯನ್ನೂ ಸೋಪಿನಲ್ಲಿ ತೊಳೆದಿಟ್ಟ ಮನೆಗಳಿದ್ದವು. ಮೊಟ್ಟೆಯ ಮೇಲಿನ ತೆಳು ಪೊರೆ ತೊಳೆದುಹೋದರೆ ಅದು ಬೇಗ ಕೆಡುತ್ತದೆ. ಇಡುವಾಗ ತೊಳೆಯದೆ, ಬೇಯಿಸುವ ಮುಂಚೆ ತೊಳೆದರೆ ಸಾಕು.

ತೋಳಿನ ಪಟ್ಟಿ

ಕೇಂದ್ರ ಮುಚ್ಚಿದಾಗ ತೂಕವೂ ನಿಂತಿತು. ಒಂದೇ ಜೋಳಿಗೆಯಲ್ಲಿ ಎಲ್ಲ ಮಕ್ಕಳನ್ನೂ ತೂಗುವುದಕ್ಕೆ ಮನೆಯವರೂ ಒಪ್ಪುವುದಿಲ್ಲ, ಒಪ್ಪಿಸಬೇಕಾದ್ದೂ ಇಲ್ಲ. ಆಗ ಉಳಿದದ್ದು ತೋಳಿನ ಸುತ್ತಳತೆಯ ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಹಳದಿ, ಅದರ ಮೇಲೆ ಹಸಿರು. ಟೀಚರ್ ಮಗುವನ್ನು ಮುಟ್ಟದೆ ಎರಡು ಗಜ ದೂರ ನಿಂತು, ಅಮ್ಮನ ಕೈಯಿಂದಲೇ ಅಳೆಸಬಹುದು ಎನ್ನುವುದು ಇದರ ದೊಡ್ಡ ಅನುಕೂಲ.

ಎಡತೋಳು. ಮೊದಲು ಮೊಣಕೈ ಮಡಿಸಿ ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ನಡುಭಾಗ ಗುರುತಿಸಿ, ಆಮೇಲೆ ಕೈ ಇಳಿಬಿಡಿಸಿ ಅಲ್ಲಿ ಪಟ್ಟಿ ಸುತ್ತಬೇಕು. ಚರ್ಮ ಗುಳಿಬೀಳುವಷ್ಟು ಬಿಗಿಯೂ ಬೇಡ, ಬೆರಳು ತೂರುವಷ್ಟು ಸಡಿಲವೂ ಬೇಡ. ಅಂಗಿಯ ತೋಳಿನ ಮೇಲೆ ಅಳೆಯುವುದು ಮಾಮೂಲಿ ತಪ್ಪು.

ಅದಕ್ಕಿಂತ ಅಪಾಯದ ತಪ್ಪು ಪಟ್ಟಿಯಲ್ಲೇ ಇರಬಹುದು. ಅಸಲಿ ಪಟ್ಟಿ ಸಾಲದೆ ಜೆರಾಕ್ಸ್ ಮಾಡಿಸಿ ಹಂಚಿದರೆ, ಯಂತ್ರ ಅಂಚು ಹೊಂದಿಸಲು ತಾನಾಗಿಯೇ ಶೇ 97ಕ್ಕೆ ಕುಗ್ಗಿಸಿಬಿಡಬಹುದು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆಗ 11.5 ಎಂದು ಬರೆದ ಗೆರೆ ನಿಜದಲ್ಲಿ 11.15ರಲ್ಲಿ ಇರುತ್ತದೆ. ಈ ಪ್ರಕರಣದ ಹದಿನಾಲ್ಕು ತಿಂಗಳ ಮಗುವಿನ ತೋಳು 11.3. ಕುಗ್ಗಿದ ಪಟ್ಟಿಯಲ್ಲಿ ಅದು 11.6 ದಾಟಿ ಹಳದಿಯಲ್ಲಿ ಕೂತಿತು. ಎರಡು ವಾರ ‘ಹಳದಿ, ಗಮನಿಸಿ’ ಎಂದು ಬರೆದದ್ದೇ ಬಂತು. ಶಾಲೆಯ ಸ್ಕೇಲ್ ಪಕ್ಕದಲ್ಲಿಟ್ಟು 10 ಸೆಂ.ಮೀ. ಹೊಂದುತ್ತದೆಯೇ ನೋಡಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಜೆರಾಕ್ಸ್ ಅಂಗಡಿಯಲ್ಲಿ ‘ನೂರು ಪರ್ಸೆಂಟಿಗೇ ತೆಗೀರಿ’ ಎಂದು ಹೇಳಿ, ಅಲ್ಲೇ ಸ್ಕೇಲ್ ಇಟ್ಟು ನೋಡಿಕೊಂಡು ಬರಬೇಕು.

ಕೆಂಪು ಎಂದು ಗೊತ್ತಾದ ಮೇಲೆ ಮೂರು ವಿಷಯ ನೋಡಬೇಕು. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಉಳಿಯುತ್ತದೆಯೇ? ಮಗು ಹಸಿದು ತಿನ್ನುತ್ತದೆಯೇ? ಜ್ವರ, ಏದುಸಿರು, ವಾಂತಿ, ಮಂಕು ಇದೆಯೇ? ಬಾವು ಇದ್ದರೆ, ತಿನ್ನದಿದ್ದರೆ ಅಥವಾ ಕಾಯಿಲೆಯಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಲೇಬೇಕು. ಈ ಮಗುವಿಗೆ ಅವು ಯಾವುವೂ ಇರಲಿಲ್ಲ. ಆದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡದೆ ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ‘ಆಸ್ಪತ್ರೆ’ ಎಂದ ಕೂಡಲೇ ಮನೆಯವರು ಬೆಚ್ಚುವುದು ಸಹಜ, ಕೋವಿಡ್ ವಾರ್ಡೂ ಅಲ್ಲೇ ಎನ್ನುವ ಭಯ. ಲಸಿಕೆಯ ದಿನ ಎಲ್ಲಕ್ಕಿಂತ ಮೊದಲ ಸರದಿ ಈ ಮಗುವಿಗೆ ಎಂದು ಆಶಾ ಕಾರ್ಯಕರ್ತೆ ಮುಂಚೆಯೇ ಗೊತ್ತುಮಾಡಿದರೆ ಹದಿನೈದು ನಿಮಿಷದಲ್ಲಿ ತೋರಿಸಿಕೊಂಡು ಬರಬಹುದು. ಆ ದಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ನೋಡಿದಾಗಲೇ ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಡೋಸೂ ವಿಟಮಿನ್ ಎ-ಯೂ ತಪ್ಪಿಹೋಗಿರುವುದು ಕಣ್ಣಿಗೆ ಬೀಳುವುದು. ಲಾಕ್‌ಡೌನ್‌ನಲ್ಲಿ ಇವು ತಪ್ಪಿದ ಮಕ್ಕಳನ್ನು ಹುಡುಕಲು ಬೇರೆ ಸರ್ವೆ ಬೇಡ, ಕಾರ್ಡ್ ತಿರುವಿಹಾಕಿದರೆ ಸಾಕು.

ಆಮೇಲೆ ವಾರಕ್ಕೊಂದು ಅಳತೆ. ಪುಷ್ಟಿಯ ಗಂಜಿಗೆ ಪ್ರತಿ ಬಟ್ಟಲಿಗೂ ಒಂದು ಚಮಚ ಎಣ್ಣೆ ಅಥವಾ ತುಪ್ಪ. ಐದು ಗ್ರಾಂ ಎಣ್ಣೆಯೆಂದರೆ 45 ಕ್ಯಾಲೊರಿ. ಹೊಟ್ಟೆ ಚಿಕ್ಕದಿರುವ ಮಗುವಿಗೆ ಗಾತ್ರ ಹೆಚ್ಚಿಸದೆ ಕಸುವು ಹೆಚ್ಚಿಸುವ ಸುಲಭ ಉಪಾಯ. ನೀರುನೀರಾದ ಗಂಜಿ ಬೇಡ, ಚಮಚ ಓರೆ ಮಾಡಿದರೆ ಬೀಳದಷ್ಟು ಗಟ್ಟಿ. ಎದೆಹಾಲಿನ ಜೊತೆ ದಿನಕ್ಕೆ ಮೂರು ನಾಲ್ಕು ಸಲ. ಮೊದಲ ನಾಲ್ಕು ವಾರ ಅಳತೆ ಮೇಲೆ ಹೋಗಿ, ಐದನೇ ವಾರ ಭೇದಿ ಬಂದು ಮತ್ತೆ ಕೆಳಗಿಳಿಯಿತು. ಓ.ಆರ್.ಎಸ್. ಜೊತೆಗೆ ಜಿಂಕ್ 20 ಮಿ.ಗ್ರಾಂ ಹದಿನಾಲ್ಕು ದಿನ. ಭೇದಿ ನಿಂತಿತೆಂದು ನಾಲ್ಕನೇ ದಿನಕ್ಕೇ ಮಾತ್ರೆ ಬಿಡುವ ಮನೆಗಳೇ ಹೆಚ್ಚು, ಹಾಗಾಗಿ ಮಾತ್ರೆಯ ಪಟ್ಟಿಯನ್ನು ತೋರಿಸಲು ಹೇಳಬೇಕು. 12.5 ಮುಟ್ಟಿದರೂ ಸತತ ಎರಡು ಅಳತೆಯಲ್ಲಿ ಅಲ್ಲೇ ನಿಂತ ಮೇಲೆಯೇ ಹೆಸರು ಪಟ್ಟಿಯಿಂದ ತೆಗೆಯುವುದು. ಈ ಪ್ರಕರಣದಲ್ಲಿ ಅದಕ್ಕೆ ಹದಿನಾಲ್ಕನೇ ವಾರ ಬಂತು.

ಟೀಚರ್ ಪಾಡು

ಮನೆಗೆ ನೆರವು ತಲುಪಬೇಕಾದರೆ ತಲುಪಿಸುವವಳು ನೆಟ್ಟಗಿರಬೇಕು. ಬೆಳಿಗ್ಗೆ ಆಶಾ ಜೊತೆ ಸರ್ವೆ, ಮಧ್ಯಾಹ್ನ ಪಡಿ ಕಟ್ಟುವುದು, ಸಂಜೆ ಅದೇ ಅಂಕಿಯನ್ನು ಮೂರು ನಮೂನೆಯಲ್ಲಿ ಮೂರು ವಾಟ್ಸ್‌ಆ್ಯಪ್ ಗುಂಪಿಗೆ. ಮಧುಮೇಹ ಇರುವ, ಐವತ್ತು ದಾಟಿದ ಕಾರ್ಯಕರ್ತೆಯೂ ಸರ್ವೆಗೆ ಹೋಗಲೇಬೇಕು ಎನ್ನುವಂತಾದರೆ ಅದು ಯೋಜನೆಯಲ್ಲ, ಜೂಜು. ಇಂಥ ಕಡೆ ಮೇಲ್ವಿಚಾರಕಿಯ ಮಟ್ಟದಲ್ಲೇ ಮಾಡಬಹುದಾದದ್ದು ಸಾಕಷ್ಟಿದೆ. ಮನೆಭೇಟಿಯನ್ನು ಸಹಾಯಕಿಗೂ ಪಕ್ಕದ ಕೇಂದ್ರದ ಕಿರಿಯ ಕಾರ್ಯಕರ್ತೆಗೂ ಹಂಚಿ, ಪಡಿ ಕಟ್ಟುವುದು, ಫೋನ್ ವಿಚಾರಣೆ, ದಾಖಲೆ ಇವನ್ನು ಹಿರಿಯಳಿಗೆ ಬಿಡುವುದು. ಮೂರು ನಮೂನೆ ಬದಲು ಒಂದೇ ಸಂಜೆ ಸಂದೇಶ. ಮೇಲ್ವಿಚಾರಕಿ ತನ್ನ ವೃತ್ತದ ಕಾರ್ಯಕರ್ತೆಯರೊಂದಿಗೆ ನಡೆಸುವ ಸಭೆ ಫೋನಿನಲ್ಲಿ.

ದುಡ್ಡಿನ ಮಾತು ಬೇರೆ ಹೇಳಬೇಕು. ಮೊಟ್ಟೆ, ತರಕಾರಿ ಹಣ ಅಂಗನವಾಡಿಯ ಬಾಲವಿಕಾಸ ಸಮಿತಿಯ ಖಾತೆಗೆ ಬರುತ್ತದೆ. ಬರುವುದು ತಡವಾದರೆ ಅಂಗಡಿಯವನಿಗೆ ಕೊಡುವುದು ಟೀಚರ್ ಕೈಯಿಂದ. ಗೌರವಧನದಲ್ಲಿ ಬದುಕುವವಳಿಂದ ಸರ್ಕಾರಿ ಯೋಜನೆಗೆ ಸಾಲ ಎತ್ತುವುದು ಇದು. ಒಂದು ತಿಂಗಳ ಮೊಟ್ಟೆ ಹಣ ಮುಂಗಡವಾಗಿ ಖಾತೆಯಲ್ಲಿ ಇರುವಂತೆ ನೋಡಿಕೊಳ್ಳುವುದೇ ಇದಕ್ಕೆ ಮದ್ದು. ಆಗದಿದ್ದಾಗ, ಹಣ ಬಂದ ಮೇಲೆ ಕೊಡುವುದು ಎಂಬ ಸಮಿತಿ ಠರಾವಿನ ಮೇಲೆ ಅಂಗಡಿಯಲ್ಲಿ ಲೆಕ್ಕ ಬರೆಸಬೇಕು, ಟೀಚರ್ ಹೆಸರಲ್ಲಿ ಅಲ್ಲ.

ಹಂಚುವ ದಿನದ ಗದ್ದಲ ತಪ್ಪಿಸಲು ಹತ್ತು ಹತ್ತು ಮನೆಗೆ ಅರ್ಧ ಗಂಟೆ, ಅಂಗಳದಲ್ಲಿ ಸುಣ್ಣದ ಚೌಕ, ಸಹಿಗೆ ಅವರವರದೇ ಪೆನ್. ಹೆಸರು ಬೇರೆ ಊರಿನ ಪಟ್ಟಿಯಲ್ಲಿದೆ ಎಂದು ಮುಂಬೈಯಿಂದ ಬಂದ ಮನೆಯ ಮಗುವನ್ನೋ, ಕಬ್ಬು ಕಡಿಯಲು ಬಂದು ಸಿಕ್ಕಿಕೊಂಡವರ ಮಗುವನ್ನೋ ಬರಿಗೈಯಲ್ಲಿ ಕಳಿಸಬಾರದು. ತಾಯಿ ಕಾರ್ಡ್ ಇದ್ದರೆ ಅದನ್ನು, ಇಲ್ಲದಿದ್ದರೆ ಫೋನ್ ನಂಬರ್ ಬರೆದುಕೊಂಡು ತಾತ್ಕಾಲಿಕವಾಗಿ ಸೇರಿಸಿಕೊಂಡರಾಯಿತು. ಹೆತ್ತವರಿಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ ಮಕ್ಕಳಿಗೆ 2021ರ ಮೇ ಕೊನೆಯಲ್ಲಿ ರಾಜ್ಯ ತಂದ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂ. ಇತ್ತು. ಅಂಥ ಮಗು ಊರಲ್ಲಿದೆ ಎಂಬ ಸುದ್ದಿ ಮೊದಲು ತಿಳಿಯುವುದು ಟೀಚರ್‌ಗೇ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕಾದದ್ದೂ ಅವಳಿಂದಲೇ.

ಆಟ, ಮಾತು

ಶಾಲಾಪೂರ್ವ ಕಲಿಕೆಗೆ ವಿಡಿಯೊ ಕಳಿಸುವ ಪ್ರಯತ್ನ ಇಂಥ ಮನೆಯಲ್ಲಿ ನಿಲ್ಲುವುದಿಲ್ಲ. ಫೋನ್ ಒಂದೇ, ಅದು ಅಪ್ಪನ ಜೇಬಿನಲ್ಲಿ. ಅದರ ಬದಲು ವಾರಕ್ಕೊಮ್ಮೆ ತೋಳು ಅಳೆಯಲು ಹೋದಾಗಲೇ ಹತ್ತು ನಿಮಿಷದ ಒಂದು ಆಟವನ್ನು ಜಗುಲಿಯಲ್ಲಿ ಬಿಟ್ಟುಬರಬಹುದು. ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ಗೆರೆ ಎಳೆಸುವುದು, ಹುಣಸೆ ಬೀಜ ಎಣಿಸಿ ಅಳಗುಳಿಮಣೆಗೆ ತುಂಬುವುದು, ಅಜ್ಜಿಯಿಂದ ಒಂದು ಕತೆ ಕೇಳಿ ಮುಂದಿನ ವಾರ ಟೀಚರ್‌ಗೆ ಹೇಳುವುದು. ಕೊನೆಯದೇ ಎಲ್ಲಕ್ಕಿಂತ ಕೆಲಸಕ್ಕೆ ಬರುವಂಥದ್ದು, ಏಕೆಂದರೆ ಮಗು ನೆನಪಿಟ್ಟು, ಜೋಡಿಸಿ, ಹೊರಗಿನವರೊಬ್ಬರಿಗೆ ಅರ್ಥವಾಗುವಂತೆ ಮಾತಾಡಬೇಕು. “ಪೆನ್ಸಿಲ್ಲೇ ಮುಟ್ಟಕ್ಕಿಲ್ಲ ಟೀಚರ್” ಎಂದು ಅಮ್ಮ ದೂರಿದರೆ, ನಾಲ್ಕು ವರ್ಷಕ್ಕೆ ಪೆನ್ಸಿಲ್ ಮುಟ್ಟದಿದ್ದರೆ ನಷ್ಟವೇನಿಲ್ಲ ಎನ್ನುವ ಧೈರ್ಯ ಟೀಚರ್‌ಗೆ ಇರಬೇಕು.

ಬಾಗಿಲು ತೆರೆದಾಗ

ಸೋಂಕಿನ ವಲಯದಾಚೆಯ ಅಂಗನವಾಡಿಗಳನ್ನು 2021ರ ಜನವರಿ ಕೊನೆಯೊಳಗೆ ತೆರೆಯಿರಿ ಎಂದು ಸುಪ್ರೀಂ ಕೋರ್ಟ್ ಅದೇ ತಿಂಗಳ 13ರಂದು ಹೇಳಿತ್ತು. ನಮ್ಮಲ್ಲಿ ಮಕ್ಕಳು ಮತ್ತೆ ಒಳಗೆ ಕೂತದ್ದು ಎರಡನೇ ಅಲೆ ಕಳೆದು, 2021ರ ನವೆಂಬರ್ 8ರಿಂದ. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಬೀಗ ಬಿದ್ದ ಕಟ್ಟಡಕ್ಕೆ ಸ್ಯಾನಿಟೈಸರ್‌ಗಿಂತ ಮೊದಲು ಬೇಕಾದದ್ದು ಪೊರಕೆ, ಬ್ರಷ್ಷು. ಸಿಂಟೆಕ್ಸ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆದು, ಹೊಸ ನೀರಿಗೆ ಸಾವಿರ ಲೀಟರ್‌ಗೆ 5 ಗ್ರಾಂ ಬ್ಲೀಚಿಂಗ್ ಪುಡಿ, ಅರ್ಧ ಗಂಟೆ ಬಿಡಬೇಕು. ಹಳೇ ದಾಸ್ತಾನಿನಲ್ಲಿ ಹುಳು ಬಿದ್ದದ್ದು, ಇಲಿ ಮುಟ್ಟಿದ್ದು ಎಲ್ಲ ಮಹಜರು ಮಾಡಿ ಆಚೆಗೆ. ಗ್ಯಾಸ್ ಟ್ಯೂಬಿನ ಮೇಲೆ ಅಚ್ಚಾಗಿರುವ ದಿನಾಂಕ ದಾಟಿದ್ದರೆ ಒಲೆ ಹಚ್ಚುವ ಮುಂಚೆಯೇ ಬದಲಿಸಬೇಕು.

ಶೌಚಾಲಯ, ಬಾಗಿಲ ಹಿಡಿಗೆ ಲೀಟರ್‌ಗೆ 30 ಗ್ರಾಂ ಬ್ಲೀಚಿಂಗ್ ಪುಡಿ. ಆಟಿಕೆಗೆ ಹತ್ತು ಲೀಟರ್‌ಗೆ 15 ಗ್ರಾಂ, ಹತ್ತು ನಿಮಿಷ ನೆನೆಸಿ ಮತ್ತೆ ಒಳ್ಳೆ ನೀರಲ್ಲಿ ತೊಳೆಯಬೇಕು. ಕಲಸಿ ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಬಳಸುವುದು. ಬಾಯಿ ಬಿಚ್ಚಿಟ್ಟ ಪುಡಿ ಸತ್ವ ಕಳೆದುಕೊಂಡಿರುತ್ತದೆ, ವಾಸನೆ ಇಲ್ಲದಿದ್ದರೆ ಎಸೆಯಿರಿ. ಇದನ್ನು ಟಾಯ್ಲೆಟ್ ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಮಕ್ಕಳ ಮೈಮೇಲೆ ಯಾವ ದ್ರಾವಣವನ್ನೂ ಸಿಂಪಡಿಸುವಂತಿಲ್ಲ.

ಮೂರಕ್ಕೆ ಸೇರಬೇಕಿದ್ದವರು ನಾಲ್ಕೂವರೆಗೆ ಮೊದಲ ಸಲ ಹೊಸ್ತಿಲು ದಾಟಿದರು. ಅಳು ಜೋರಾಗಿಯೇ ಇತ್ತು. ಮೊದಲ ಮೂರು ದಿನ ಅಮ್ಮನೋ ಅಜ್ಜಿಯೋ ಅಂಗಳದಲ್ಲಿ ಕೂರುವುದು, ನಾಲ್ಕನೇ ದಿನ ಗೇಟಿನ ಹತ್ತಿರ, ಆರನೇ ದಿನ ಮನೆಗೆ. ಐದರೊಳಗಿನ ಮಕ್ಕಳಿಗೆ ಮಾಸ್ಕ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫ್ ಕೂಡ 2020ರಲ್ಲೇ ಹೇಳಿದ್ದವು, ಆದರೆ ಟೀಚರ್ ಮುಖದ ಮೇಲೆ ಅದಿತ್ತು. ಮಾತು ಕಲಿಯುವ ವಯಸ್ಸಿನ ಮಗು ಬಾಯಿ ನೋಡಿ ಕಲಿಯುತ್ತದೆ. ಅದಕ್ಕೇ ಬೆಳಿಗ್ಗೆ ಅಂಗಳದಲ್ಲಿ, ದೂರ ನಿಂತು, ಟೀಚರ್ ಮಾಸ್ಕ್ ಇಳಿಸಿ ಒಬ್ಬೊಬ್ಬರ ಹೆಸರನ್ನೂ ಕೂಗಿ, ಆಮೇಲೆ ಏರಿಸಿಕೊಂಡು ಒಳಗೆ ಬರುವುದು. ಗದ್ದೆಯಂಚಿನ ಮನೆಯ ಹುಡುಗಿಗೆ ಆಗ ಐದು ದಾಟಿತ್ತು. ಅವಳ ಕೈಚೀಲದಲ್ಲಿ ಹುರಿಹಿಟ್ಟಿನ ಡಬ್ಬವಿತ್ತು.